ಭೇದಿಯಾದ ಮಗುವನ್ನು ಎಲ್ಲಿ ಬಿಡುವುದು?

ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರ ತಾಲ್ಲೂಕಿಗೆ ನಮ್ಮ ರಾಜ್ಯದ ಮಕ್ಕಳ ಚರಿತ್ರೆಯಲ್ಲಿ ಒಂದು ಜಾಗ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ, ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಇಲ್ಲಿ, 100 ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ ಅಂಥವು 65,000ಕ್ಕೂ ಹೆಚ್ಚು. ಊರಿನ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಉಣಿಸುವ ಈ ಏರ್ಪಾಡು ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ಒಟ್ಟಿಗೆ ಕೂತಲ್ಲಿ ಒಂದು ಮಗುವಿನ ಹೊಟ್ಟೆಯ ಕಾಯಿಲೆ ಹತ್ತು ಮಕ್ಕಳಿಗೆ ದಾಟುತ್ತದೆ. ತಡೆಯುವ ಉಪಾಯಗಳೆಲ್ಲ ಗೋಡೆಗೆ ಅಂಟಿಸಿದ ಚಿತ್ರಪಟದಲ್ಲಿರುತ್ತವೆ. ಅವನ್ನು ಯಾರ ಕೈ ಮಾಡಬೇಕು, ಯಾರ ಕೂಲಿ ಕಳೆದು ಮಾಡಬೇಕು ಎನ್ನುವುದು ಅಲ್ಲಿರುವುದಿಲ್ಲ.

ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಷಾಢದ ಮಳೆ ಹಿಡಿದ ಮಧ್ಯಾಹ್ನ, ಹೀಗೊಂದು ಮಾತುಕತೆ ನಡೆಯಿತು ಎಂದಿಟ್ಟುಕೊಳ್ಳಿ. ಒಬ್ಬರು ನಿವೃತ್ತಿಗೆ ಹತ್ತಿರವಾದ ಅಂಗನವಾಡಿ ಟೀಚರ್. ಇನ್ನೊಬ್ಬರು ಉಪಕೇಂದ್ರಕ್ಕೆ ಹೊಸದಾಗಿ ಬಂದ ಸಮುದಾಯ ಆರೋಗ್ಯ ಅಧಿಕಾರಿ. ಓದಿದ್ದು ನರ್ಸಿಂಗ್, ಊರವರ ಬಾಯಲ್ಲಿ ಸಿಸ್ಟರ್. ಮಕ್ಕಳು ಉಂಡು ಮಲಗಿದ್ದಾರೆ.

ಸಿಸ್ಟರ್: ಟೀಚರಮ್ಮ, ಈ ವಾರ ಮೂರು ಮಕ್ಕಳಿಗೆ ವಾಂತಿ-ಭೇದಿ ಆಗಿದೆ ಅಂತ ಆಶಾ ಕಾರ್ಯಕರ್ತೆ ಹೇಳಿದ್ರು. ನಿಮ್ಮ ಹಾಜರಿಯಲ್ಲಿ ನೋಡಿದ್ರೆ ಮೂವರೂ ದಿನಾ ಬಂದಿದ್ದಾರೆ.

ಟೀಚರ್: ಬಂದಿದ್ರು. ಒಬ್ಬನಿಗೆ ಇಲ್ಲೇ ಆಯ್ತು, ತೊಳೆದು ಮಲಗಿಸ್ದೆ. ಇನ್ನಿಬ್ಬರಿಗೆ ರಾತ್ರಿ ಮನೇಲಿ ಆಗಿ ನಿಂತಿತ್ತಂತೆ, ಬೆಳಿಗ್ಗೆ ಕಳಿಸಿದ್ರು.

ಸಿಸ್ಟರ್: ತೊಂದರೆ ಇರೋದೇ ಅಲ್ಲಿ. ಕೊನೇ ಸಲ ವಾಂತಿಯೋ ಭೇದಿಯೋ ಆದ ಮೇಲೆ 48 ಗಂಟೆ ಮಗು ಮನೇಲೇ ಇರಬೇಕು. ಇಂಗ್ಲೆಂಡಿನ ಶಿಶುಪಾಲನಾ ಕೇಂದ್ರಗಳಲ್ಲಿ ಹಾಗೆ ಮಾಡ್ತಾರೆ.

ಟೀಚರ್: ಯಾಕೆ ಅಂತ ಹೇಳಿ. ಬರೀ ನಿಯಮ ಹೇಳಿದ್ರೆ ನಮ್ಮ ತಾಯಂದಿರು ತಲೆಯಾಡಿಸಿ ಹೋಗಿಬಿಡ್ತಾರೆ. ಕಾರಣ ಹೇಳಿದ್ರೆ ಅರ್ಧ ಜನ ಆದ್ರೂ ಕೇಳ್ತಾರೆ.

ಸಿಸ್ಟರ್: ಭೇದಿ ನಿಂತ ಮಾತ್ರಕ್ಕೆ ವೈರಸ್ ಹೋಗಲ್ಲ. ರೋಟಾ ವೈರಸ್ ಬಂದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮೇಲೆ ವೈರಸ್ ಇರಬಹುದು. ಇನ್ನೊಂದು ಮಗುವಿಗೆ ಹತ್ತೋಕೆ ನೂರು ಕೂಡ ಬೇಡ. ನೊರೊ ವೈರಸ್ಸೂ ಅಷ್ಟೇ ಹಠಮಾರಿ. ನೆಲ, ಆಟದ ಸಾಮಾನು, ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ ಜೀವ ಹಿಡಿದಿರುತ್ತೆ. ಕಣ್ಣಿಗೆ ಕಾಣದಷ್ಟು ಬೆರಳಿಗೆ ಅಂಟಿದ್ರೂ ಸಾಕು.

ಟೀಚರ್: ಭೇದಿ ಶುರುವಾಗೋ ಮುಂಚೆ?

ಸಿಸ್ಟರ್: ಆಗಲೂ ಇರುತ್ತೆ. ಕೆಲವು ಮಕ್ಕಳಿಗೆ ಏನೂ ಆಗದೆಯೇ ಹೊರಗೆ ಬರ್ತಾ ಇರುತ್ತೆ.

ಟೀಚರ್: ಅಲ್ಲಿಗೆ ನೀವು ಮನೇಲಿ ಕೂರಿಸೋದು ಸಿಕ್ಕಿಬಿದ್ದ ಮಗೂನ. ಸಿಕ್ಕದೇ ಇರೋದು ಇಲ್ಲೇ ಕೂತು ಪಕ್ಕದವನ ಜೊತೆ ಬಣ್ಣದ ಗೋಲಿ ಎಣಿಸ್ತಾ ಇರುತ್ತೆ.

ಸಿಸ್ಟರ್: ಹೌದು. ಮನೇಲಿರಿಸೋದ್ರಿಂದ ಪೂರ್ತಿ ನಿಲ್ಲಲ್ಲ, ಕಡಿಮೆ ಆಗುತ್ತೆ. ವಾಂತಿ-ಭೇದಿ ಜೋರಾಗಿರುವಾಗ್ಲೇ ಸುತ್ತ ಚೆಲ್ಲೋದು ಜಾಸ್ತಿ. ಆ ದಿನಗಳು ತಪ್ಪಿದ್ರೆ ಬಹಳ ತಪ್ಪಿದ ಹಾಗೆ.

ಟೀಚರ್: ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಭೇದಿ ಅಂದ್ರೆ ಹಲ್ಲು ಬರ್ತಿದೆ ಅನ್ನೋರು, ದೃಷ್ಟಿ ಆಗಿದೆ ಅನ್ನೋರು. ನೀರು ಕೊಟ್ರೆ ಇನ್ನೂ ಹೋಗುತ್ತೆ ಅಂತ ನೀರೇ ನಿಲ್ಲಿಸೋರು. ಮಕ್ಕಳು ಕಣ್ಣು ಒಳಗೆ ಹೋಗಿ ಮಲಗಿರೋದನ್ನ ನೋಡಿದ್ದೀನಿ. ಓಆರ್‌ಎಸ್ ಪೊಟ್ಟಣ ಬಂದ ಮೇಲೆ ಸಾಯೋದು ನಿಂತಿತು ಅಂತಲೇ ಹೇಳಬೇಕು. ಹಲ್ಲಿನ ಮಾತು ಮಾತ್ರ ಇನ್ನೂ ಹೋಗಿಲ್ಲ.

ಸಿಸ್ಟರ್: ಹಲ್ಲು ಬರೋ ವಯಸ್ಸಿಗೇ ಮಗು ಅಂಬೆಗಾಲಿಡುತ್ತೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ. ಭೇದಿ ಬರೋದು ಆ ಬಾಯಿಯಿಂದ. ಹೆಸರು ಹಲ್ಲಿಗೆ.

ಟೀಚರ್: ಇದನ್ನ ತಾಯಂದಿರ ಸಭೇಲಿ ಹೀಗೇ ಹೇಳಿ. ಇದು ನಾಟುತ್ತೆ.

ಇಲ್ಲಿಂದ ಮಾತು ಕೈ ತೊಳೆಯುವುದಕ್ಕೆ ಹೊರಳಿತು. ಇದು ಎಲ್ಲರೂ ಒಪ್ಪುವ ವಿಷಯ ಎಂದು ತೋರಬಹುದು. ನನಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ಕಷ್ಟದ ಭಾಗ ಎನಿಸುವುದು ಇದೇ.

ಸಿಸ್ಟರ್: ಅಮೆರಿಕದ ಅಟ್ಲಾಂಟಾ ಹತ್ತಿರದ ಶಿಶುಕೇಂದ್ರಗಳಲ್ಲಿ ಒಂದು ಪರೀಕ್ಷೆ ಮಾಡಿ 1981ರಲ್ಲಿ ಪ್ರಕಟಿಸಿದ್ರು. ಕೆಲವು ಕೇಂದ್ರಗಳಲ್ಲಿ ಆಯಾಗಳಿಗೂ ಮಕ್ಕಳಿಗೂ ಕೈ ತೊಳೆಯೋದನ್ನ ಕಟ್ಟುನಿಟ್ಟು ಮಾಡಿದ್ರು, ಮಿಕ್ಕವನ್ನ ಅವುಗಳ ಪಾಡಿಗೆ ಬಿಟ್ರು. ಕಟ್ಟುನಿಟ್ಟಾಗಿದ್ದ ಕಡೆ ಭೇದಿ ಸುಮಾರು ಅರ್ಧಕ್ಕೆ ಇಳಿಯಿತು. 2005ರಲ್ಲಿ ಬಂದ ಕರಾಚಿಯ ಅಧ್ಯಯನ ಬಡವರ ಬಡಾವಣೆಗಳಲ್ಲಿ ಮಾಡಿದ್ದು, ಅಲ್ಲೂ ಸರಿಸುಮಾರು ಅರ್ಧ. ದುಬಾರಿ ಔಷಧಿ ಸೋಪು ಕೊಟ್ಟವರಿಗೂ ಸಾದಾ ಸೋಪು ಕೊಟ್ಟವರಿಗೂ ವ್ಯತ್ಯಾಸ ಬರಲಿಲ್ಲ.

ಟೀಚರ್: ಸಾದಾ ಸೋಪು ಸಾಕು ಅಂದ್ರಲ್ಲ, ಅದೇ ದೊಡ್ಡ ಸಮಾಧಾನ. ಕೊರೊನಾ ಕಾಲದ ಸ್ಯಾನಿಟೈಸರ್ ಇನ್ನೂ ಬೀರುವಿನಲ್ಲಿದೆ, ಬೇಕಾ?

ಸಿಸ್ಟರ್: ನೊರೊ ವೈರಸ್ಸಿಗೆ ಅದನ್ನ ನಂಬೋ ಹಾಗಿಲ್ಲ. ಸೋಪು ಹಾಕಿ ಉಜ್ಜಿ, ಹರಿಯೋ ನೀರಲ್ಲಿ ತೊಳೆದಾಗ ವೈರಸ್ ಕೈಬಿಟ್ಟು ಹೋಗುತ್ತೆ. ಬಕೆಟ್ಟಿನ ನೀರಲ್ಲಿ ಮಗ್ಗು ಅದ್ದಿ ತೊಳೆದ್ರೆ ಬೆರಳೂ ಅದ್ದಿರುತ್ತೆ, ಹಿಂದೆ ಬರೋ ಮಕ್ಕಳಿಗೆ ಅದೇ ನೀರು.

ಟೀಚರ್: ನಲ್ಲಿ ಹಾಕಿದ್ದಾರೆ. ನೀರು ಬರೋದು ಬೆಳಿಗ್ಗೆ. ಮಕ್ಕಳು ಉಣ್ಣೋದು ಮಧ್ಯಾಹ್ನ.

ಸಿಸ್ಟರ್: ಡ್ರಮ್ಮಿಗೆ ಕೆಳಗಡೆ ಒಂದು ನಲ್ಲಿ ಕೂರಿಸಿದ್ರೆ ಆಯ್ತಲ್ಲ. ದೊಡ್ಡ ಖರ್ಚಲ್ಲ.

ಟೀಚರ್: ಅದಾಯ್ತು ಅನ್ನಿ. ಇನ್ನೊಂದು ಹೇಳ್ತೀನಿ, ನೀವೂ ನೋಡಿರ್ತೀರಿ. ಮಗು ಮೂಗು ಸುರಿಸ್ಕೊಂಡು ಬಂದ್ರೆ ಕೈ ಹೋಗೋದು ಸೆರಗಿಗೆ. ಉಂಡ ಬಾಯಿ ಒರೆಸೋದೂ ಅದೇ ಸೆರಗಲ್ಲಿ. ಒಳ್ಳೇದಲ್ಲ, ಗೊತ್ತು. ಆದ್ರೆ ಅಮ್ಮನ ಹಾಗೆ ನೋಡಿಕೊಳ್ಳಿ ಅಂತ ತರಬೇತೀಲಿ ಹೇಳಿದ್ರು. ಅಮ್ಮ ಸೆರಗಲ್ಲೇ ಒರೆಸ್ತಾಳೆ.

ಸಿಸ್ಟರ್: ಅಮ್ಮನಿಗೆ ಒಂದು ಮಗು, ಎರಡು ಮಗು. ನಿಮ್ಮ ಸೆರಗಿಗೆ ಇಪ್ಪತ್ತೈದು. ಹಳೇ ಹತ್ತಿ ಸೀರೆ ತುಂಡು ಮಾಡಿ ಮಗುವಿಗೊಂದು ಇಟ್ಟು, ಸಂಜೆ ಒಗೆದು ಬಿಸಿಲಿಗೆ ಹಾಕಿಸಿ.

ಟೀಚರ್: ಯಾರು ಒಗೀತಾರೆ?

ಸಿಸ್ಟರ್: ಸಹಾಯಕಿ ಇದ್ದಾರಲ್ಲ.

ಟೀಚರ್: ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸೋದು ಅವಳು. ಮನೆಮನೆಗೆ ಹೋಗಿ ಮಕ್ಕಳನ್ನ ಕರ್ಕೊಂಡು ಬರೋದು ಅವಳು. ಅನ್ನ ಸಾರು ಮಾಡೋದು, ಮೊಟ್ಟೆ ಬೇಯಿಸಿ ಸುಲಿಯೋದು, ಹಾಲಿನ ಪುಡಿ ಕಲಸೋದು, ಬಡಿಸೋದು, ಪಾತ್ರೆ ತೊಳೆಯೋದು ಅವಳು. ನಡುವೆ ಅಕ್ಕನ ಕೈ ಹಿಡಿದು ಬಂದ ಎರಡು ವರ್ಷದ ತಂಗಿ ಚಡ್ಡೀಲಿ ಮಾಡ್ಕೊಂಡ್ರೆ ಅಲ್ಲಿಗೆ ಓಡೋದೂ ಅವಳೇ. ಸಾರಿಗೆ ಒಗ್ಗರಣೆ ಹಾಕ್ತಿದ್ದ ಕೈ ಅದನ್ನ ತೊಳೆದು ಮತ್ತೆ ಸಾರಿಗೆ ಬರಬೇಕು. ನಿಮ್ಮ ಅಟ್ಲಾಂಟಾದಲ್ಲಿ ಅಡುಗೆಗೂ ಅಂಡು ತೊಳೆಯೋದಕ್ಕೂ ಒಬ್ಬಳೇನಾ?

ಸಿಸ್ಟರ್: ಒಳ್ಳೇ ಪ್ರಶ್ನೆ ಕೇಳಿದ್ರಿ. ಎಂಬತ್ತರ ದಶಕದಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ ಇದನ್ನೇ ನೋಡಿತು. ಬಟ್ಟೆ ಬದಲಾಯಿಸೋರೇ ಊಟಾನೂ ಬಡಿಸೋ ಕೇಂದ್ರಗಳಲ್ಲಿ ಭೇದಿ ಬಹಳ ಹೆಚ್ಚು ಅಂತ ಗೊತ್ತಾಯ್ತು. ಆ ಎರಡು ಕೆಲಸ ಬೇರೆ ಬೇರೆ ಕೈಗೆ ಹೋಗಬೇಕು ಅಂತಲೇ ಪುಸ್ತಕ ಹೇಳುತ್ತೆ.

ಟೀಚರ್: ಪುಸ್ತಕ ಓದಿದವರು ಒಂದು ಅಂಗನವಾಡಿಗೆ ಒಬ್ಬಳೇ ಸಹಾಯಕಿ ಅಂತ ಯಾಕೆ ಲೆಕ್ಕ ಹಾಕಿದ್ರು? ಗೌರವಧನ ಅಂತ ಕೊಡೋದು ಒಂದು ಜೀವಕ್ಕೆ, ಅದೂ ಅರ್ಧ ಹೊಟ್ಟೆಗೆ. ಕೇಳೋದು ಎರಡು ಜೀವದ ಕೆಲಸ.

ಸಿಸ್ಟರ್: ಅದು ಸರಿಹೋಗೋವರೆಗೂ ಸುಮ್ಮನಿರೋಕಾಗುತ್ತಾ? ಮಲ ತೊಳೆಯೋ ಕೆಲಸ ನೀವು ಮಾಡಿ, ಊಟ ಅವರು ನೋಡಿಕೊಳ್ಳಲಿ. ಅಷ್ಟು ಹಂಚಿಕೊಂಡ್ರೂ ದಾರಿ ಕಟ್ಟಾಗುತ್ತೆ.

ಟೀಚರ್: ಮಾಡಿದ್ದೀನಿ, ಮಾಡ್ತೀನಿ. ಅದೇನು ನನಗೆ ಅಸಹ್ಯ ಅಲ್ಲ. ಆದ್ರೆ ಹನ್ನೊಂದೂವರೆಗೆ ನಾನು ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಲ್ಲಿ ಇರ್ತೀನಿ. ನೆಟ್‌ವರ್ಕ್ ಸಿಕ್ಕಿದಾಗ ಮಕ್ಕಳ ಲೆಕ್ಕ ಹಾಕದಿದ್ರೆ ಸಂಜೆ ಮೇಲಿನವರ ಫೋನು.

ಸಹಾಯಕಿಯ ವಿಷಯದಲ್ಲಿ ಟೀಚರ್ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಸೋಂಕು ದಾಟುವುದು ಕೈಯಿಂದ ಎಂದು ವಿಜ್ಞಾನ ಹೇಳಿದ ಮೇಲೆ, ಕೈಗಳ ಸಂಖ್ಯೆಯೂ ವಿಜ್ಞಾನದ ವಿಷಯವೇ ಆಗಬೇಕಿತ್ತು.

ಸಿಸ್ಟರ್: ವಾಂತಿ ಬಿದ್ದ ಜಾಗಕ್ಕೆ ಏನು ಹಾಕ್ತೀರಿ?

ಟೀಚರ್: ಫಿನಾಯಿಲ್.

ಸಿಸ್ಟರ್: ವಾಸನೆ ಹೋಗುತ್ತೆ ಅಷ್ಟೇ. ಮೊದಲು ಮಕ್ಕಳನ್ನ ಆ ಕೋಣೆಯಿಂದ ಆಚೆ ಕಳಿಸಿ, ಕಿಟಕಿ ತೆಗೀರಿ. ಹಳೇ ಪೇಪರಲ್ಲಿ ಬಳಿದು ತೆಗೆದು, ಸೋಪಿನ ನೀರಲ್ಲಿ ಒರೆಸಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚಿಂಗ್ ಪುಡಿ ಕಲಸಿ ಹಾಕಿ, ಹತ್ತು ನಿಮಿಷ ಬಿಡಿ. ಕೊಳೆ ಇದ್ದ ಹಾಗೇ ಸುರಿದ್ರೆ ಬ್ಲೀಚಿನ ಶಕ್ತಿ ಕೊಳೆಗೇ ಖರ್ಚಾಗುತ್ತೆ. ಕಕ್ಕಸು ತೊಳೆಯೋ ಆಸಿಡ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ.

ಟೀಚರ್: ಪಂಚಾಯಿತಿಯಿಂದ ಟ್ಯಾಂಕಿಗೆ ಅಂತ ಬಂದ ಪುಡಿ ಒಂದು ಚೀಲ ಇದೆ. ಬಾಯಿ ಬಿಚ್ಚಿ ಬಹಳ ದಿನ ಆಯ್ತು, ಗಂಟು ಕಟ್ಟಿದೆ, ಘಾಟೇ ಇಲ್ಲ.

ಸಿಸ್ಟರ್: ಘಾಟು ಹೋದ್ರೆ ಕ್ಲೋರಿನ್ನೂ ಹೋಯ್ತು. ನಾನು ಚಿಕ್ಕ ಡಬ್ಬೀಲಿ ಹೊಸದು ತಂದುಕೊಡ್ತೀನಿ, ಬಿಗಿಯಾಗಿ ಮುಚ್ಚಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಅದಕ್ಕಿಂತ ಮುಖ್ಯ, ಇನ್ನು ಮೇಲೆ ಎರಡು ಮಕ್ಕಳಿಗೆ ಒಂದೇ ದಿನ ಆದ್ರೆ ನನಗೆ ಫೋನ್ ಮಾಡಬೇಕು. ಆಶಾ ಬಾಯಿಂದ ಕೇಳೋ ಹಾಗಾಗಬಾರದು.

ಟೀಚರ್: ಫೋನ್ ಮಾಡಿದ್ರೆ ಏನಾಗುತ್ತೆ ಗೊತ್ತಾ? ಊಟ ಸರಿಯಿಲ್ಲ ಅಂತಾರೆ. ಹಲ್ಲಿ ಬಿತ್ತಾ, ಅಕ್ಕಿ ಹುಳ ಹಿಡಿದಿತ್ತಾ ಅಂತ ಊರೆಲ್ಲ ಬಾಗಿಲಿಗೆ ಬರುತ್ತೆ. ಮೊಬೈಲಲ್ಲಿ ವಿಡಿಯೋ ಹಿಡೀತಾರೆ. ಪರೀಕ್ಷೆ ಆಗೋಕೆ ಮುಂಚೆ ನೋಟಿಸ್ ಕೈಗೆ ಬಂದಿರುತ್ತೆ. ಪಕ್ಕದೂರಲ್ಲಿ ಒಬ್ಬಳಿಗೆ ಹಾಗಾಗಿದೆ. ಅವತ್ತಿಂದ ನಾವೆಲ್ಲ ಮಗೂನ ಮೆಲ್ಲಗೆ ಮನೆಗೆ ಕಳಿಸಿ ಸುಮ್ಮನಾಗೋದು ಕಲಿತಿದ್ದೀವಿ.

ಸಿಸ್ಟರ್: 2022ರ ಜೂನ್‌ನಲ್ಲಿ ಕೇರಳದ ವಿಳಿಂಜಂನಲ್ಲಿ ಶಾಲಾ ಮಕ್ಕಳಿಗೆ ಹೀಗಾಯ್ತು. ಮೊದಲು ಎಲ್ಲರ ಬೆರಳು ತೋರಿದ್ದು ಬಿಸಿಯೂಟದ ಕಡೆಗೆ. ಮಾದರಿ ತೆಗೆದು ನೋಡಿದಾಗ ಇಬ್ಬರು ಮಕ್ಕಳಲ್ಲಿ ನೊರೊ ವೈರಸ್ ಸಿಕ್ಕಿತು. ಬೇಗ ಹೇಳಿದ್ರೆ ಮಲದ ಮಾದರಿ ತೆಗೀಬಹುದು, ಅಡುಗೆಯವರ ಮೇಲಿನ ಸುಳ್ಳು ಆರೋಪಾನೂ ಅಲ್ಲಿಗೇ ನಿಲ್ಲುತ್ತೆ. ಮುಚ್ಚಿಟ್ರೆ ಆರೋಪ ಮಾತ್ರ ಉಳಿಯುತ್ತೆ.

ಟೀಚರ್: ನೀವು ಹೇಳೋದು ಸತ್ಯ. ಆದ್ರೆ ಮಾದರಿ ಮೈಸೂರಿಗೆ ಹೋಗಿ ಫಲಿತಾಂಶ ಬರೋವರೆಗೆ ನನ್ನ ಪರ ಯಾರು ನಿಲ್ತಾರೆ? ನೀವು ನಿಲ್ತೀರಾ?

ಸಿಸ್ಟರ್: ನನ್ನ ವರದೀಲಿ ಕಾರಣ ಇನ್ನೂ ಗೊತ್ತಿಲ್ಲ ಅಂತ ಸ್ಪಷ್ಟವಾಗಿ ಬರೀತೀನಿ. ಅದಕ್ಕಿಂತ ಹೆಚ್ಚಿನ ಭರವಸೆ ಕೊಟ್ರೆ ಸುಳ್ಳಾಗುತ್ತೆ.

ಟೀಚರ್: ಅಷ್ಟು ಬರೆದ್ರೂ ಉಪಕಾರವೇ. ನೋಡೋಣ. ಲಸಿಕೆ ಹಾಕ್ತೀರಲ್ಲ, ಅದರ ಕಥೆ ಏನು? ಅದು ಬಂದ ಮೇಲೂ ಭೇದಿ ಬರ್ತಾನೇ ಇದೆ ಅಂತ ತಾಯಂದಿರು ನನ್ನ ಕೇಳ್ತಾರೆ.

ಸಿಸ್ಟರ್: ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಬಾಯಿಗೆ ಹಾಕ್ತೀವಲ್ಲ, ಅದು ರೋಟಾಗೆ ಮಾತ್ರ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ, ಟೀಚರಮ್ಮ. ಹುಟ್ಟಿದ ಕೂಸುಗಳ ಹೊಟ್ಟೆ ಸೇರಿದ್ರೂ ಕಾಯಿಲೆ ತರದ ಒಂದು ರೋಟಾ ತಳೀನ ಬೆಂಗಳೂರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಗುರುತಿಸಿತ್ತು. ಅಂಥದ್ದೇ ಇನ್ನೊಂದು ದೆಹಲಿಯ ಕೂಸುಗಳಲ್ಲಿ ಸಿಕ್ಕಿತ್ತು. ಎರಡನ್ನೂ ಪರೀಕ್ಷೆ ಮಾಡಿದ್ರು. ಕೊನೆಗೆ ದೆಹಲಿಯದ್ದು ಹೈದರಾಬಾದಿನಲ್ಲಿ ರೋಟಾವ್ಯಾಕ್ ಲಸಿಕೆ ಆಯ್ತು.

ಟೀಚರ್: ಪೂರ್ತಿ ತಡೆಯುತ್ತಾ?

ಸಿಸ್ಟರ್: ದೊಡ್ಡ ಪರೀಕ್ಷೆಯಲ್ಲಿ, ಮೊದಲ ವರ್ಷ, ರೋಟಾದಿಂದ ಬರೋ ಜೋರು ಭೇದೀನ ನೂರಕ್ಕೆ 56ರಷ್ಟು ತಡೆಯಿತು. ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸ್ಕೊಳ್ಳೋ ಮಕ್ಕಳ ಲೆಕ್ಕದಲ್ಲಿ ಅದು ಸಣ್ಣದಲ್ಲ. ನೊರೊಗೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಹಾಗಾಗಿ ಸೋಪು ಬಿಡೋ ಹಾಗಿಲ್ಲ.

ಟೀಚರ್: ನೀವು ಹೇಳಿದ್ದೆಲ್ಲ ಗೆದ್ದ ಕಥೆ. ಸೋತದ್ದೂ ಇರಬೇಕಲ್ಲ.

ಸಿಸ್ಟರ್: ಇದೆ. 2018ರಲ್ಲಿ ಎರಡು ದೊಡ್ಡ ಅಧ್ಯಯನ ಬಂದವು, ಬಾಂಗ್ಲಾದೇಶದ್ದು ಮತ್ತು ಕೀನ್ಯಾದ್ದು. ಎರಡೂ ಕಡೆ ಹಳ್ಳಿಗಳಿಗೆ ಶುದ್ಧ ನೀರು, ಕಕ್ಕಸು, ಕೈ ತೊಳೆಯೋ ವ್ಯವಸ್ಥೆ ಕೊಟ್ರು. ಬಾಂಗ್ಲಾದಲ್ಲಿ ಭೇದಿ ಇಳಿಯಿತು, ಕೀನ್ಯಾದಲ್ಲಿ ಇಳಿಯಲಿಲ್ಲ. ಬಾಂಗ್ಲಾದಲ್ಲಿ ಕಾರ್ಯಕರ್ತೆಯರು ಮನೆಗಳಿಗೆ ಮತ್ತೆ ಮತ್ತೆ ಹೋಗ್ತಿದ್ರು, ಕೀನ್ಯಾದಲ್ಲಿ ಅಷ್ಟಾಗಿ ಹೋಗಲಿಲ್ಲ. ಅದೂ ಒಂದು ಕಾರಣ ಇರಬಹುದು ಅಂತಾರೆ.

ಟೀಚರ್: ಅಂದ್ರೆ ಸಾಮಾನು ಕೊಟ್ರೆ ಸಾಲದು, ಜನ ಬೇಕು. ನಾನು ಇಷ್ಟು ಹೊತ್ತು ಹೇಳ್ತಿರೋದು ಇದನ್ನೇ.

ಸಿಸ್ಟರ್: ಅಥವಾ, ಇರೋ ಜನ ಬಿಡದೆ ಹಿಂದೆ ಬೀಳಬೇಕು. ನಾನೂ ಅದನ್ನೇ ಹೇಳ್ತಿದ್ದೀನಿ.

ಅಷ್ಟರಲ್ಲಿ ಒಬ್ಬ ತಾಯಿ ಬಂದಳು. ಬೆಳಿಗ್ಗೆ ಇಲ್ಲೇ ವಾಂತಿ ಮಾಡಿಕೊಂಡ ಹುಡುಗನ ಅಮ್ಮ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ, ಫೋನ್ ಬಂದದ್ದಕ್ಕೆ ಅರ್ಧ ದಿನ ಬಿಟ್ಟು ಓಡಿ ಬಂದಿದ್ದಾಳೆ.

ಸಿಸ್ಟರ್: ನಾಳೆ, ನಾಡಿದ್ದು ಇವನನ್ನ ಕಳಿಸಬೇಡಿಮ್ಮ. ಓಆರ್‌ಎಸ್ ಪೊಟ್ಟಣ ತಗೊಳ್ಳಿ, ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣ, ಕಲಸಿದ್ದು ಅವತ್ತೇ ಮುಗೀಬೇಕು. ಜಿಂಕ್ ಮಾತ್ರೆ ದಿನಕ್ಕೊಂದು, ಹದಿನಾಲ್ಕು ದಿನ, ನಿಂತಿತು ಅಂತ ನಡುವೆ ಬಿಡಬೇಡಿ. ಊಟ ನಿಲ್ಲಿಸಬೇಡಿ.

ತಾಯಿ: ಎಲ್ಡು ದಿನ ರಜಾ ಹಾಕಿದ್ರೆ ಹಾಜರಾತಿ ಬೋನಸ್ ಹೋಯ್ತದೆ ಸಿಸ್ಟರ್. ಇವತ್ತಿನ ಅರ್ಧ ದಿನ ಆಗ್ಲೇ ಹೋಯ್ತು.

ಸಿಸ್ಟರ್: ಇಎಸ್‌ಐ ಇದೆಯಲ್ಲ ನಿಮಗೆ?

ತಾಯಿ: ಅದು ನಂಗೆ ಹುಷಾರಿಲ್ದೆ ಇದ್ರೆ. ಮಗೀಗೆ ಹುಷಾರಿಲ್ಲ ಅಂದ್ರೆ ರಜಾ ಕೊಡಕಿಲ್ಲ.

ಸಿಸ್ಟರ್: ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರೋ ಕಾರ್ಖಾನೇಲಿ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ 1948ರ ಕಾಯಿದೇಲೇ ಇತ್ತಲ್ಲ.

ತಾಯಿ: ಅದೆ. ವಾಂತಿ ಆಗೋ ಮಗೀನ ಅಲ್ಲೂ ಒಳಿಕ್ಕೆ ಬುಡಕಿಲ್ಲ, ನೀವ್ ಹೇಳ್ದಂಗೇ ಹೇಳ್ತಾರೆ. ಅತ್ತೆಗೆ ಕಣ್ಣು ಕಾಣಕಿಲ್ಲ. ಏಳೂವರೆಗೆ ಬಸ್ಸು. ನಾಳೀಕೆ ಇವನ್ನ ಎಲ್ಲಿ ಬುಡ್ಲಿ ಹೇಳಿ.

ಟೀಚರ್: ಇಲ್ಲೇ ಬಿಡವ್ವ. ಪಕ್ಕದ ಸಾಮಾನು ಕೋಣೇಲಿ ಚಾಪೆ ಹಾಕಿಸಿ ನಾನೇ ನೋಡ್ಕೋತೀನಿ.

ಸಿಸ್ಟರ್: ಟೀಚರಮ್ಮ, ಇಷ್ಟು ಹೊತ್ತು ಮಾತಾಡಿದ್ದು ಏನಾಯ್ತು? ಇನ್ನು ಇಪ್ಪತ್ತು ಮಕ್ಕಳ ತಾಯಂದಿರೂ ಇವರ ಹಾಗೇ ಬಸ್ ಹಿಡಿಯೋರು. ನಾಳಿದ್ದು ಐದು ಮಕ್ಕಳಿಗೆ ಹತ್ತಿದ್ರೆ ಐದು ತಾಯಂದಿರ ಕೂಲಿ ಹೋಗುತ್ತೆ.

ಟೀಚರ್: ಮನೇಲಿ ಕಣ್ಣು ಕಾಣದ ಅಜ್ಜಿ ಹತ್ತಿರ ಬಿಟ್ರೆ ಓಆರ್‌ಎಸ್ ಯಾರು ಕುಡಿಸ್ತಾರೆ? ಊಟ ನಿಲ್ಲಿಸಬೇಡಿ ಅಂತ ಈಗ ತಾನೇ ಅಂದ್ರಿ. ಇಲ್ಲಿಗೆ ಬರದಿದ್ರೆ ಆ ಮಗುವಿಗೆ ಬಿಸಿ ಊಟ ಇಲ್ಲ, ಮೊಟ್ಟೆ ಇಲ್ಲ. ಮೈ ಇಳಿದಿರೋ ವಾರದಲ್ಲೇ ತಟ್ಟೆ ಕಿತ್ತುಕೊಂಡ ಹಾಗೆ. ಹಾಜರಿ ಇಲ್ಲದ ಮಗುವಿಗೆ ಮನೆಗೆ ಊಟ ಕಳಿಸಿ ಅಂತ ನಿಮ್ಮ ನಿಯಮದಲ್ಲಿ ಎಲ್ಲಾದ್ರೂ ಇದೆಯಾ?

ಸಿಸ್ಟರ್: ಇರಬೇಕು. ಆ ಎರಡು ದಿನದ ಊಟ ಡಬ್ಬೀಲಿ ಮನೆಗೆ ಹೋಗಬೇಕು, ತಾಯಿಗೆ ಆ ದಿನದ ಕೂಲಿ ಸಿಗಬೇಕು. ಅದನ್ನ ಒಪ್ತೀನಿ. ಆದ್ರೆ ಅದು ಬರೋವರೆಗೆ ಮಕ್ಕಳ ನಡುವೆ ಬಿಡೋದನ್ನ ನಾನು ಒಪ್ಪಲ್ಲ.

ಟೀಚರ್: ಅದು ಬರೋವರೆಗೆ ಈ ಹುಡುಗನ್ನ ಬಾಗಿಲಾಚೆ ನಿಲ್ಲಿಸೋದನ್ನ ನಾನೂ ಒಪ್ಪಲ್ಲ.

ತಾಯಿ: ನೀವಿಬ್ರೂ ಜಗಳ ಆಡಿ, ನಂಗೆ ಒಂದು ಮಾತು ಹೇಳಿ.

ಸಿಸ್ಟರ್: ನಾಳೆ ಒಂದು ದಿನ ನೀವು ರಜಾ ಹಾಕಿ. ಭೇದಿ ಜೋರಾಗಿರೋದು ನಾಳೇನೇ. ನಾಡಿದ್ದು ಬೆಳಿಗ್ಗೆ ನಾನು ಬಂದು ನೋಡ್ತೀನಿ. ಟೀಚರಮ್ಮ, ಆ ಬೇರೆ ಕೋಣೆ, ಬೇರೆ ಚಾಪೆ, ಬೇರೆ ಲೋಟ, ಅವನನ್ನ ಮುಟ್ಟೋರು ನೀವೊಬ್ಬರೇ, ಅಡುಗೆ ಕಡೆ ಹೋಗೋ ಹಾಗಿಲ್ಲ. ಇಷ್ಟೂ ಆಗುತ್ತಾ?

ಟೀಚರ್: ಟ್ರ್ಯಾಕರ್ ಅವತ್ತು ಬಿಡ್ತೀನಿ. ಫೋನ್ ಬಂದ್ರೆ ನಿಮ್ಮ ನಂಬರ್ ಕೊಡ್ತೀನಿ.

ಸಿಸ್ಟರ್: ಕೊಡಿ.

ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು, ಪೊಟ್ಟಣಗಳನ್ನು ಬ್ಯಾಗಿಗೆ ತುರುಕಿಕೊಂಡು ಹೊರಟಳು. ಒಂದು ದಿನದ ಕೂಲಿ ಅವಳದ್ದೇ ಹೋಯಿತು. ಆ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಸಿಸ್ಟರ್ ಗ್ರಾಮ ಪಂಚಾಯಿತಿಗೆ ಒಂದು ಪತ್ರ ಬರೆಯಲು ಕೂತರು.

ಟೀಚರ್: ಮೊದಲನೇ ಸಾಲಲ್ಲಿ ಇನ್ನೊಬ್ಬ ಸಹಾಯಕಿ ಬೇಕು ಅಂತ ಬರೀರಿ. ಸೋಪು, ನಲ್ಲಿ ಇರೋ ಡ್ರಮ್ಮು ಆಮೇಲೆ ಬರಲಿ.

ಸಿಸ್ಟರ್: ಸೋಪು, ಡ್ರಮ್ಮು ಮೊದಲು ಬರೀತೀನಿ. ಅದು ಈ ತಿಂಗಳೇ ಸಿಗಬಹುದು. ಸಹಾಯಕಿ ಅಂತ ಮೇಲಿಟ್ರೆ ನಮ್ಮ ಕೈಲಿಲ್ಲ ಅಂತ ಇಡೀ ಪತ್ರಾನೇ ಪಕ್ಕಕ್ಕಿಡ್ತಾರೆ.

ಟೀಚರ್: ಕೆಳಗಿಟ್ರೆ ಸೋಪು ಕೊಟ್ಟು ಕೈ ತೊಳ್ಕೋತಾರೆ. ಎರಡು ಪತ್ರ ಬರೀರಿ. ಸಹಾಯಕಿದು ನಮ್ಮ ಇಲಾಖೆಗೆ ಹೋಗಲಿ, ಗ್ರಾಮಸಭೇಲಿ ಓದಿಸೋದು ನನ್ನ ಜವಾಬ್ದಾರಿ. ತಾಯಂದಿರನ್ನೂ ಕರ್ಕೊಂಡು ಬರ್ತೀನಿ.

ಸಿಸ್ಟರ್: ಗ್ರಾಮಸಭೆ ಯಾವ ವಾರ?

ಟೀಚರ್: ಗುರುವಾರ ಅಂತಾರೆ. ಭಾನುವಾರ ಇಟ್ರೆ ಆ ಹೆಣ್ಣುಮಗಳೂ ಬರಬಹುದು. ಅದನ್ನೂ ಪತ್ರದಲ್ಲಿ ಸೇರಿಸಿ.